ನಲವತ್ತು ಕುರ್ಚಿ, ಒಂದು ಮೂಗುಬಟ್ಟು

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಟಿಶ್ಯೂ ಪೊಟ್ಟಣ. ಅಂಗೈಯಗಲದ್ದು, ನೀಲಿ ಪ್ಲಾಸ್ಟಿಕ್ಕಿನದು, ಒಳಗೆ ಹತ್ತು ಮಡಿಕೆ ಕಾಗದ ಇರುವಂಥದು.

ಸಿಂಗಪುರದಲ್ಲಿ ಅದರ ಮಹಿಮೆ ದೊಡ್ಡದು. ಸಾಲು ಸಾಲು ಊಟದಂಗಡಿಗಳಿರುವ ಹಾಕರ್ ಸೆಂಟರಿನಲ್ಲಿ ಊಟ ತರಲು ಹೋಗುವ ಮುಂಚೆ ಖಾಲಿ ಮೇಜಿನ ಮೇಲೆ ಒಂದು ಪೊಟ್ಟಣ ಇಟ್ಟರೆ ಮುಗಿಯಿತು, ಆ ಜಾಗ ನಿಮ್ಮದು. ಎಂಥ ಹಸಿದವನೂ ಅದನ್ನು ಮುಟ್ಟುವುದಿಲ್ಲ. ಇದಕ್ಕೆ ಇಲ್ಲಿಯವರು ‘ಚೋಪ್’ ಮಾಡುವುದು ಅನ್ನುತ್ತಾರೆ. ಸೆಂಬವಾಂಗಿನ ಹಡಗುಕಟ್ಟೆಯಲ್ಲಿ ಇಪ್ಪತ್ತಾರು ವರ್ಷ ದುಡಿದು ಹೋದ ವರ್ಷ ನಿವೃತ್ತನಾದ ಸೇತುರಾಮನಿಗೆ ಈ ಚೋಪ್ ಅನ್ನುವುದು ರಕ್ತಕ್ಕೇ ಇಳಿದಿತ್ತು. ಒಮ್ಮೆ ನಂಜನಗೂಡಿನಲ್ಲಿ ನೆಂಟರ ಮದುವೆಗೆ ಹೋಗಿ, ಪಂಕ್ತಿಯಲ್ಲಿ ಎಲೆಯ ಮುಂದೆ ಪೊಟ್ಟಣ ಇಟ್ಟು ಕೈತೊಳೆಯಲು ಎದ್ದ. ಬಂದು ನೋಡಿದರೆ ಯಾರೋ ಆ ಎಲೆಯಲ್ಲೇ ಪಾಯಸ ಸುರಿದುಕೊಂಡು, ಅವನ ಟಿಶ್ಯೂವಿನಲ್ಲೇ ಮೀಸೆ ಒರೆಸಿಕೊಳ್ಳುತ್ತಿದ್ದರು. ಆದರೂ ಬುದ್ಧಿ ಬರಲಿಲ್ಲ.

ಮೂರು ವಾರದ ಹಿಂದೆ ಅವನೂ ಹೆಂಡತಿ ಸತ್ಯವತಿಯೂ ಸ್ಪೇನ್ ಪ್ರವಾಸಕ್ಕೆ ಹೋಗಿದ್ದರು. ಅಲ್ಲಿ ಬಾಸ್ಕ್ ಜನರ ನಾಡಿನಲ್ಲಿ ಗೆರ್ನಿಕಾ ಎಂಬ ಹಳೆಯ ಊರು. ತೊಂಬತ್ತು ವರ್ಷದ ಹತ್ತಿರ ಹತ್ತಿರ ಆಯಿತು, ಒಂದು ಸೋಮವಾರ, ಸಂತೆಯ ದಿನ, ವಿಮಾನಗಳು ಬಂದು ಆ ಊರಿನ ಮೇಲೆ ಬಾಂಬು ಸುರಿದು ಸುಟ್ಟುಬಿಟ್ಟವು. ಈಗ ಅಲ್ಲಿ ಶಾಂತಿಯ ಮ್ಯೂಸಿಯಂ ಇದೆ. ಅದರೊಳಗೆ ಹಳೆಯ ಕಾಲದ ಮನೆಯ ನಡುಮನೆಯಂಥ ಒಂದು ಪುಟ್ಟ ಕೋಣೆ. ಅಲ್ಲಿ ಕೂತರೆ ದೀಪ ಸಣ್ಣಗಾಗಿ, ಒಬ್ಬ ಹೆಂಗಸಿನ ದನಿ ಕೇಳುತ್ತದೆ.

ಕೂರುವ ಜಾಗ ಕಡಿಮೆ, ಸತ್ಯವತಿಗೆ ಮಂಡಿನೋವು. ಸೇತುರಾಮ ಅವಳ ಕೈಚೀಲಕ್ಕೆ ಕೈಹಾಕಿ ಟಿಶ್ಯೂ ಪೊಟ್ಟಣ ಎಳೆದುಕೊಂಡು ಮುಂದೆ ಓಡಿ ಜಾಗ ಚೋಪ್ ಮಾಡಿದ. ಅವಳು ಬಂದಳು, ಕೂತಳು, ಇಬ್ಬರೂ ಕೇಳಿದರು, ಎದ್ದು ಬಂದರು. ಪೊಟ್ಟಣ ಅಲ್ಲೇ ಉಳಿಯಿತು. ಬಸ್ಸು ಹೊರಟು ಒಂದು ಗಂಟೆಯಾದ ಮೇಲೆ ಸತ್ಯವತಿ ಚೀಲ ತಡಕಾಡಿ ಕೂಗಿದಳು, “ರೀ! ನನ್ನ ಟಿಶ್ಯೂ?”

ಶೀತದಿಂದ ಮೂಗು ಒರೆಸಿ ಒರೆಸಿ ಉರಿಯುತ್ತಿತ್ತೆಂದು ಅಜ್ಜಿಯ ಕಾಲದ ಏಳು ಕಲ್ಲಿನ ಮೂಗುಬಟ್ಟನ್ನು ಬಿಚ್ಚಿ ಅವಳು ಆ ಪೊಟ್ಟಣದೊಳಗೆ ಸಿಕ್ಕಿಸಿಟ್ಟಿದ್ದಳು. ಬಸ್ಸು ತಿರುಗಲಿಲ್ಲ. ಸತ್ಯವತಿಯ ಮುಖ ಮಾತ್ರ ಆ ಕಡೆ ತಿರುಗಿದ್ದು ಮತ್ತೆ ಈ ಕಡೆ ತಿರುಗಲಿಲ್ಲ.

ಇವತ್ತಿಗೆ ಹತ್ತೊಂಬತ್ತು ದಿನ.

ಮನೆಯಲ್ಲಿ ಮಾತೇ ಇಲ್ಲವೆಂದಲ್ಲ. ಸತ್ಯವತಿ ಫ್ರಿಜ್ಜಿನ ಜೊತೆ ಮಾತಾಡುತ್ತಿದ್ದಳು, ಗೋಡೆಯ ಜೊತೆ ಮಾತಾಡುತ್ತಿದ್ದಳು. ಇವತ್ತು, ಶನಿವಾರ ಬೆಳಿಗ್ಗೆಯೂ ಕುಕ್ಕರಿನ ಮುಂದೆ ನಿಂತು, “ನೋಡಪ್ಪಾ ಕುಕ್ಕರೇ, ಉಪ್ಪಿಟ್ಟು ಟೇಬಲ್ ಮೇಲಿದೆ. ಯಾರಿಗಾದ್ರೂ ಬೇಕಿದ್ರೆ ತಿನ್ಲಿ,” ಅಂದಳು. ಮೂಗು ಬೋಳಾಗಿರುವುದನ್ನು ಲೋಕಕ್ಕೆ ತೋರಿಸಬಾರದೆಂದೋ ಏನೋ, ಬಂದ ದಿನದಿಂದ ಶೀತ ಇನ್ನೂ ಬಿಟ್ಟಿಲ್ಲವೆಂದು ಮುಖಕ್ಕೆ ಮಾಸ್ಕ್ ಹಾಕಿಯೇ ಇದ್ದಳು. ಊಟವನ್ನೂ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಮಾಡುತ್ತಿದ್ದಳು. ಆ ಬೆನ್ನು ಕಂಡಾಗಲೆಲ್ಲ ಸೇತುರಾಮ ಏನಾದರೊಂದು ಕೆಲಸಕ್ಕೆ ಕೈಹಾಕುತ್ತಿದ್ದ. ಪಾತ್ರೆ ತೊಳೆಯುತ್ತಿದ್ದ, ಬಟ್ಟೆ ಒಣಹಾಕುತ್ತಿದ್ದ, ಮಡಿಸುತ್ತಿದ್ದ. ಮನೆ ಕೊಳದ ನೀರಿನಂತೆ ನಿಶ್ಶಬ್ದವಾಗಿತ್ತು. ಅವನು ಅದರೊಳಗೆ ಮೀನಿನ ಹಾಗೆ ಬಾಯಿ ತೆರೆಯುತ್ತ ಮುಚ್ಚುತ್ತ ಓಡಾಡುತ್ತಿದ್ದ.

ಒಂಬತ್ತು ಗಂಟೆಗೆ ಬಾಗಿಲ ಗಂಟೆ ಸದ್ದು ಮಾಡಿತು. ಪಕ್ಕದ ಮನೆಯ ಅನಂತರಾಮ್. ಬೆಂಗಳೂರಿನವನು, ಐಟಿ ಕೆಲಸ, ವಾರದ ಕೊನೆಯಲ್ಲಿ ಕನ್ನಡದವರ ಬಳಗ ನಡೆಸುವುದು ಅವನ ಹವ್ಯಾಸ.

“ಅಂಕಲ್, ಗ್ರೂಪ್ ನೋಡಿದ್ರಾ? ಇವತ್ತು ಸಂಜೆ ಐದಕ್ಕೆ, ನಮ್ಮ ಬ್ಲಾಕ್ ಕೆಳಗಿನ ವಾಯ್ಡ್ ಡೆಕ್ಕಲ್ಲೇ. ‘ಗೆರ್ನಿಕಾ ಶಾಂತಿ ಮ್ಯೂಸಿಯಂ, ಒಂದು ದಾಂಪತ್ಯದ ಅನುಭವ.’ ನೀವೂ ಆಂಟೀನೂ ಸ್ಪೀಕರ್ಸ್. ನಲವತ್ತು ಜನ ಕನ್ಫರ್ಮ್ ಮಾಡಿದಾರೆ!”

ಸೇತುರಾಮ ಅವನನ್ನು ಲಿಫ್ಟಿನವರೆಗೆ ಎಳೆದುಕೊಂಡು ಹೋಗಿ ಇದ್ದದ್ದನ್ನೆಲ್ಲ ಹೇಳಿದ. ಅನಂತರಾಮ್ ಕಣ್ಣರಳಿಸಿದ.

“ಶಾಂತಿ ಮ್ಯೂಸಿಯಂಗೆ ಹೋಗಿ ಜಗಳ ತಂದ್ರಾ?”

“ಜಗಳ ಆಗಿದ್ರೆ ಚೆನ್ನಾಗಿತ್ತಪ್ಪ. ಜಗಳದಲ್ಲಿ ಮಾತಾದ್ರೂ ಇರುತ್ತೆ. ಪ್ರೋಗ್ರಾಂ ಕ್ಯಾನ್ಸಲ್ ಮಾಡು. ನಲವತ್ತು ಜನದ ಮುಂದೆ ಅವಳು ಮೈಕ್ ಜೊತೆ ಮಾತಾಡಿ, ‘ಮೈಕೇ, ಯಾರಿಗೋ ಹೇಳು’ ಅಂದ್ರೆ ನನ್ನ ಗತಿಯೇನು?”

“ಕ್ಯಾನ್ಸಲ್ ಎಲ್ಲಾ ಆಗಲ್ಲ ಅಂಕಲ್, ಪರ್ಮಿಷನ್ ತಗೊಂಡಾಗಿದೆ,” ಎಂದು ಅನಂತರಾಮ್ ಗಡ್ಡ ಕೆರೆದುಕೊಂಡ. “ಸಿಂಪಲ್. ಲಿಟಲ್ ಇಂಡಿಯಾಗೆ ಹೋಗಿ, ಅದೇ ಥರದ್ದು ಒಂದು ತಗೊಳ್ಳಿ. ಅದೇ ಥರದ ಟಿಶ್ಯೂ ಪೊಟ್ಟಣದೊಳಗೆ ಇಡಿ. ಮ್ಯೂಸಿಯಂನವರು ಪೋಸ್ಟಲ್ಲಿ ವಾಪಸ್ ಕಳಿಸಿದ್ರು ಅನ್ನಿ. ಎಲ್ಲರ ಮುಂದೆ ಕೊಡಿ. ಆಂಟಿ ಫುಲ್ ಎಮೋಷನಲ್ ಆಗ್ತಾರೆ, ಪ್ರಾಬ್ಲಂ ಸಾಲ್ವ್.”

ಸುಳ್ಳು ಹೇಳುವುದು ಸೇತುರಾಮನಿಗೆ ಬರುತ್ತಿರಲಿಲ್ಲ. ಆದರೆ ಹತ್ತೊಂಬತ್ತು ದಿನ ಫ್ರಿಜ್ಜಿನ ಮೂಲಕ ಸಂಸಾರ ಮಾಡಿದವನಿಗೆ ಏನು ಬೇಕಾದರೂ ಬರುತ್ತದೆ.

ಎಂಆರ್‌ಟಿ ರೈಲು ಹತ್ತಿ ಕೂತ. ತಣ್ಣನೆಯ ಗಾಳಿ, ತೊಟ್ಟಿಲಿನಂಥ ತೂಗು. ಕಿಟಕಿಯಾಚೆ ಮರಗಳ ತಲೆ, ಬಣ್ಣ ಬಣ್ಣದ ಬ್ಲಾಕುಗಳು, ಬಾಲ್ಕನಿಯ ಕೋಲುಗಳಲ್ಲಿ ಒಣಹಾಕಿದ ಬಟ್ಟೆ, ಎಲ್ಲವೂ ನೀರಿನಡಿಯಲ್ಲಿ ಹೋಗುವಂತೆ ಹೋದವು. ಅವನು ಮತ್ತೆ ಗೆರ್ನಿಕಾದ ಆ ಪುಟ್ಟ ಕೋಣೆಯಲ್ಲಿದ್ದ. ದೀಪ ಸಣ್ಣಗಾಯಿತು. ಗೊತ್ತಿಲ್ಲದ ಭಾಷೆಯಲ್ಲಿ ಆ ಹೆಂಗಸಿನ ದನಿ ಶುರುವಾಯಿತು. ಹೋಗುತ್ತ ಹೋಗುತ್ತ ಅದು ಕನ್ನಡಕ್ಕೆ ತಿರುಗಿತು. “ಬೆಂಡೇಕಾಯಿ ತನ್ನಿ ಅಂದ್ರೆ ಬದನೇಕಾಯಿ ತಂದಿದೀರಲ್ಲ, ಅದೂ ಬಲಿತಿರೋದು. ನೋಡಿ ತರಕ್ಕಾಗಲ್ವಾ ನಿಮಗೆ?”

“ತಪ್ಪಾಯ್ತು ಕಣೇ! ಇನ್ನೂ ಬೈಯಿ!” ಎಂದು ಸೇತುರಾಮ ಖುಷಿಯಿಂದ ಕೂಗಿದ.

ಕಣ್ಣು ಬಿಟ್ಟರೆ ಎದುರಿನ ಸೀಟಿನಲ್ಲಿ ಒಬ್ಬ ಚೀನೀ ಅಜ್ಜಿ. ಅವಳು ನಿಧಾನವಾಗಿ ತಲೆಯಾಡಿಸಿ, “ಓಕೆ ಲಾ, ಓಕೆ,” ಎಂದು ಸಮಾಧಾನ ಹೇಳಿದಳು. ರೈಲು ಇಳಿಯಬೇಕಾದ ಕಡೆ ದಾಟಿ, ಊರೆಲ್ಲ ದಾಟಿ, ಸಮುದ್ರದ ಬಳಿಯ ಕೊನೆಯ ಸ್ಟೇಷನ್ನಿನಲ್ಲಿ ನಿಂತಿತ್ತು.

ಅಲ್ಲಿಂದ ಹಿಂದಕ್ಕೆ ಬಂದು, ಗಾಡಿ ಬದಲಾಯಿಸಿ, ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯ ಒಡವೆ ಅಂಗಡಿ ಮುಟ್ಟುವಾಗ ಒಂದೂವರೆ. ಅಂಗಡಿಯವರು ವಯಸ್ಸಾದ ತಮಿಳರು, ಬೆಂಗಳೂರಿನಲ್ಲಿ ನೆಂಟರಿದ್ದುದರಿಂದ ಮುರುಕು ಕನ್ನಡ ಬರುತ್ತಿತ್ತು.

“ಫೋಟೋ ಇದೆಯಾ ಸಾರ್? ಇಲ್ಲಾಂದ್ರೆ ಕಷ್ಟ.”

ಫೋಟೋಗಳು ನೂರಾರಿದ್ದವು. ಎಲ್ಲವನ್ನೂ ತೆಗೆದವನು ಸೇತುರಾಮ. ಒಂದರಲ್ಲಿ ಸತ್ಯವತಿಯ ಮೂಗಿನ ಜಾಗದಲ್ಲಿ ಅವನ ಹೆಬ್ಬೆರಳು. ಇನ್ನೊಂದರಲ್ಲಿ ಚರ್ಚಿನ ಗೋಪುರ ಪೂರ್ತಿ ಬಂದು ಹೆಂಡತಿ ಹುಬ್ಬಿನಿಂದ ಮೇಲಕ್ಕಷ್ಟೇ ಬಂದಿದ್ದಳು. ಕೊನೆಗೆ ಒಂದು ಸಿಕ್ಕಿತು. ಸತ್ಯವತಿ ಕ್ಯಾಮೆರಾಗೆ ಮುಖವಿಟ್ಟು ಬಾಯಿ ತುಂಬ ಏನೋ ಹೇಳುತ್ತಿದ್ದಾಳೆ, ಕೈ ಮೇಲೆದ್ದಿದೆ, ಮೂಗುಬಟ್ಟಿನ ಏಳು ಕಲ್ಲೂ ಬಿಸಿಲಿಗೆ ಹೊಳೆಯುತ್ತಿವೆ.

“ಅಮ್ಮ ಏನೋ ಹೇಳ್ತಾ ಇದ್ದಾರೆ,” ಎಂದರು ಅಂಗಡಿಯವರು.

“ಹೌದು. ‘ನೆಟ್ಟಗೆ ಹಿಡ್ಕೊಂಡು ತೆಗೀರಿ’ ಅಂತ,” ಎಂದ ಸೇತುರಾಮ. ಫೋನನ್ನು ವಾಪಸು ತೆಗೆದುಕೊಂಡವನು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತ. ಅಂಗಡಿಯವರು ಕೆಮ್ಮಿದರು.

ಹೆಚ್ಚುಕಮ್ಮಿ ಹಾಗೇ ಇರುವುದೊಂದು ಸಿಕ್ಕಿತು. ಅದಕ್ಕೆಷ್ಟು ಕೊಟ್ಟನೆಂದು ಅವನು ಯಾರಿಗೂ ಹೇಳಲಿಲ್ಲ, ನಾವೂ ಕೇಳುವುದು ಬೇಡ. ಬ್ಲಾಕಿನ ಕೆಳಗಿನ ಅಂಗಡಿಯಲ್ಲಿ ನೀಲಿ ಟಿಶ್ಯೂ ಪೊಟ್ಟಣ ಕೊಂಡು, ಹಿಂಬದಿಯ ಅಂಟು ಹುಷಾರಾಗಿ ಬಿಡಿಸಿ, ಮೂರನೆಯ ಮಡಿಕೆಗೂ ನಾಲ್ಕನೆಯ ಮಡಿಕೆಗೂ ನಡುವೆ ಮೂಗುಬಟ್ಟನ್ನು ಮಲಗಿಸಿದ. ಮಗುವನ್ನು ಹೊದಿಸಿದ ಹಾಗೆ ಮುಚ್ಚಿದ.

ನಾಲ್ಕೂವರೆಗೆ ವಾಯ್ಡ್ ಡೆಕ್ಕಿಗೆ ಬಂದ. ಮನೆಗಳೆಲ್ಲ ಮೇಲೆ, ಕೆಳಗೆ ಕಂಬಗಳ ನಡುವೆ ಬಯಲು ಬಿಟ್ಟ ಆ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿ ನಿಂತಿದ್ದವು. ಮೊದಲ ಸಾಲಿನ ನಡುವಿನ ಕುರ್ಚಿ ಸತ್ಯವತಿಗೆ ಸರಿಹೋಗುತ್ತದೆ ಅಂದುಕೊಂಡ. ಫ್ಯಾನು ನೇರ ಬರುತ್ತದೆ, ಮೆಟ್ಟಿಲಿಲ್ಲ. ಜೇಬಿನಿಂದ ಪೊಟ್ಟಣ ತೆಗೆದು ಆ ಕುರ್ಚಿಯ ಮೇಲಿಟ್ಟು, ಸ್ನಾನ ಮಾಡಿ ಬರಲು ಮೇಲೆ ಹೋದ. ಕೈ ತಾನಾಗಿ ಮಾಡಿದ ಕೆಲಸ ಅದು, ತಲೆಗೆ ಸುದ್ದಿಯೇ ಹೋಗಿರಲಿಲ್ಲ. ತಲೆಗೆ ಸೋಪು ಹಚ್ಚುವಾಗ ಸುದ್ದಿ ಹೋಯಿತು.

ಒದ್ದೆ ಕೂದಲಿನಲ್ಲೇ ಲಿಫ್ಟ್ ಇಳಿದು ಓಡಿ ಬಂದರೆ, ಸಾಲುಗಳಿಲ್ಲ. ಕುರ್ಚಿಗಳು ದೊಡ್ಡ ವೃತ್ತವಾಗಿ ನಿಂತಿವೆ. ನಲವತ್ತು ಖಾಲಿ ಕುರ್ಚಿ. ಒಂದೊಂದರ ಮೇಲೂ ಒಂದೊಂದು ನೀಲಿ ಟಿಶ್ಯೂ ಪೊಟ್ಟಣ. ಸಂಜೆಯ ಬಿಸಿಲು ಕಂಬಗಳ ನಡುವಿನಿಂದ ಬಂದು ಅವುಗಳ ಮೇಲೆ ಬಿದ್ದು, ಪೊಟ್ಟಣಗಳೆಲ್ಲ ಒಂದೇ ಸಮನೆ ಹೊಳೆಯುತ್ತಿದ್ದವು. ಇನ್ನೂ ರೈಲಿನಲ್ಲಿ ನಿದ್ದೆ ಮಾಡುತ್ತಿದ್ದೇನೆಯೇ ಎಂದು ಸೇತುರಾಮ ಕೈ ಚಿವುಟಿಕೊಂಡ. ನೋವಾಯಿತು.

ವೃತ್ತದ ನಡುವೆ ಅನಂತರಾಮನ ಹೆಂಡತಿ ಶೋಭಾ, ರಂಗೋಲಿ ಮುಗಿಸಿದವಳ ಹಾಗೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

“ಹೇಗಿದೆ ಅಂಕಲ್? ಪೀಸ್ ಅಂದ್ಮೇಲೆ ಸರ್ಕಲ್ ಅಲ್ವಾ, ಅದಕ್ಕೇ ಎಲ್ಲಾ ರೀಅರೇಂಜ್ ಮಾಡಿಸ್ದೆ. ಕ್ಲಿನಿಕ್‌ನವರು ಫ್ರೀ ಕೊಟ್ಟ ಟಿಶ್ಯೂ ಎರಡು ಬಾಕ್ಸ್ ಇತ್ತು, ಎಲ್ಲರ ಸೀಟೂ ಚೋಪ್ ಮಾಡ್ಬಿಟ್ಟೆ. ಹೇಗೂ ಅಳೋ ಸಬ್ಜೆಕ್ಟು, ಯೂಸ್ ಆಗುತ್ತೆ.”

“ಇಲ್ಲಿ... ಮೊದಲೇ ಒಂದಿತ್ತಲ್ಲಮ್ಮ?”

“ಹ್ಞಾಂ, ಯಾರೋ ಮರ್ತು ಹೋಗಿದ್ರು. ಅದನ್ನೂ ಸೇರಿಸಿದೆ. ಕರೆಕ್ಟಾಗಿ ನಲವತ್ತಾಯ್ತು!”

ಸೇತುರಾಮ ಮೊದಲನೆಯ ಕುರ್ಚಿಗೆ ಹೋಗಿ ಪೊಟ್ಟಣವನ್ನು ಹಿಸುಕಿದ. ಮೆತ್ತಗಿತ್ತು. ಎರಡನೆಯದೂ ಮೆತ್ತಗೆ. ಒಂಬತ್ತನೆಯದನ್ನು ಹಿಸುಕುವಷ್ಟರಲ್ಲಿ ಜನ ಬರತೊಡಗಿದರು. ಹತ್ತನೆಯ ಕುರ್ಚಿಯಲ್ಲಿ ಬ್ಯಾಂಕಿನ ಉಪೇಂದ್ರ ಕೂತೇಬಿಟ್ಟ. ಅವನ ಮೂಗು ಟೊಮೇಟೊ ಹಣ್ಣಿನಂತೆ ಕೆಂಪಾಗಿತ್ತು.

“ಏನ್ ಸರ್, ಟಿಶ್ಯೂ ಚೆಕ್ ಮಾಡ್ತಿದೀರಾ?”

“ಮೆತ್ತಗಿದೆಯಾ ಅಂತ...”

“ಎಷ್ಟು ಕೇರ್ ತಗೋತೀರಿ ಸರ್,” ಎಂದು ಉಪೇಂದ್ರ ಪೊಟ್ಟಣ ಜೇಬಿಗಿಳಿಸಿದ.

ನೋಡುನೋಡುತ್ತಿದ್ದಂತೆ ಕುರ್ಚಿಗಳೆಲ್ಲ ತುಂಬಿದವು. ಪೊಟ್ಟಣಗಳು ಮಡಿಲಿಗೆ, ಜೇಬಿಗೆ, ಚೀಲಕ್ಕೆ ಇಳಿದವು. ಕೊನೆಯಲ್ಲಿ ಸತ್ಯವತಿ ಬಂದಳು, ಬಿಳಿ ಮಾಸ್ಕು, ಹಸಿರು ಸೀರೆ. ಅವನ ಕಡೆ ನೋಡದೆ, ಕಂಬಕ್ಕೆ ಹತ್ತಿರದ ಕುರ್ಚಿಯಲ್ಲಿ ಕೂತಳು. ಅನಂತರಾಮ್ ಮೈಕನ್ನು ಸೇತುರಾಮನ ಕೈಗಿತ್ತು ಕಣ್ಣು ಹೊಡೆದ.

ಸೇತುರಾಮನಿಗೆ ಒಂದೇ ಉಪಾಯ ಹೊಳೆಯಿತು. ಯಾರೂ ಅಳಬಾರದು. ಅಳದಿದ್ದರೆ ಪೊಟ್ಟಣ ಬಿಚ್ಚುವುದಿಲ್ಲ, ಮುಗಿದ ಮೇಲೆ ಒಂದೊಂದಾಗಿ ವಾಪಸು ಕೇಳಿ ಇಸಿದುಕೊಳ್ಳಬಹುದು.

“ಎಲ್ಲರಿಗೂ ನಮಸ್ಕಾರ,” ಎಂದ. “ಸ್ಪೇನಲ್ಲಿ ಬಸ್ಸುಗಳು ಬಹಳ ಚೆನ್ನಾಗಿವೆ. ಸೀಟ್ ಕ್ಲೀನಾಗಿರುತ್ತೆ. ಡ್ರೈವರು ಒಳ್ಳೆಯವನು.”

“ಅಂಕಲ್, ಮ್ಯೂಸಿಯಂ!” ಎಂದ ಅನಂತರಾಮ್.

“ಬರ್ತೀನಪ್ಪ. ಅಲ್ಲಿ ಸೋಮವಾರ ಸೋಮವಾರ ಸಂತೆ. ನಮ್ಮ ಕಡೆ ಸಂತೆ ಇದ್ದ ಹಾಗೇ. ಕೋಳಿ, ಮೊಟ್ಟೆ, ತರಕಾರಿ, ಅಮ್ಮನ ಕೈ ಹಿಡ್ಕೊಂಡು ಬಂದ ಮಕ್ಕಳು. ಖುಷಿಯಾಗಿದ್ರು...” ಎಂದು ನಿಲ್ಲಿಸಿದ. ಮುಂದೇನಾಯಿತೆಂದು ಎಲ್ಲರಿಗೂ ಗೊತ್ತಿತ್ತು. ಮೂರು ಕಡೆ ಮೂಗೆಳೆಯುವ ಸದ್ದು. ಉಪೇಂದ್ರ ಜೇಬಿನಿಂದ ಪೊಟ್ಟಣ ತೆಗೆದು ಸರ್ರನೆ ಹರಿದ.

“ಉಪೇಂದ್ರ ಅವರೇ, ಅಳಬೇಡಿ! ಅಳೋವಂಥದ್ದು ಏನೂ ಇಲ್ಲ!”

“ನನಗೆ ಶೀತ ಸರ್.”

“ಹಾಗಾದ್ರೆ ನಿಧಾನವಾಗಿ ಒರೆಸ್ಕೊಳ್ಳಿ. ಒಂದೊಂದೇ.”

ಸೇತುರಾಮ ಬೆವರುತ್ತ ಮಾತು ತಿರುಗಿಸಿದ. “ಆ ಊರಲ್ಲಿ ಒಂದು ಓಕ್ ಮರ ಇದೆ. ಬಾಸ್ಕ್ ಜನ ಹಿಂದಿನ ಕಾಲದಿಂದ ಅದರಡಿ ಕೂತು ನ್ಯಾಯ ಮಾತಾಡ್ತಿದ್ರಂತೆ. ಊರೆಲ್ಲ ಸುಟ್ಟುಹೋದ್ರೂ ಆ ಮರ ಹಾಗೇ ನಿಂತಿತ್ತು ನೋಡಿ!” ಇದು ಸಂತೋಷದ ಸುದ್ದಿ ಎಂದು ಅವನ ಎಣಿಕೆ. ವೃತ್ತದ ತುಂಬ ಹತ್ತು ಪೊಟ್ಟಣಗಳು ಒಟ್ಟಿಗೆ ಹರಿದವು. ಸಂತೋಷಕ್ಕೆ ಹೆಂಗಸರು ಇನ್ನೂ ಬೇಗ ಅಳುತ್ತಾರೆಂಬುದು ಅವನಿಗೆ ಹೊಳೆದಿರಲಿಲ್ಲ. ಶೋಭಾ ಅಂತೂ ಪಕ್ಕದವರ ಪೊಟ್ಟಣವನ್ನೂ ಖಾಲಿ ಮಾಡುತ್ತಿದ್ದಳು.

ಆಗ ಅವನ ಕಣ್ಣು ಕಂಬದ ಪಕ್ಕಕ್ಕೆ ಹೋಯಿತು. ಸತ್ಯವತಿಯ ಕಣ್ಣುಗಳು ಮಾಸ್ಕಿನ ಮೇಲಿನಿಂದ ಅವನನ್ನೇ ನೋಡುತ್ತಿದ್ದವು. ಹತ್ತೊಂಬತ್ತು ದಿನದಲ್ಲಿ ಮೊದಲ ಸಲ. ಟಿಶ್ಯೂ, ಕಲ್ಲು, ಸುಳ್ಳು, ಅನಂತರಾಮನ ಪ್ಲಾನು, ಎಲ್ಲವೂ ಅವನ ತಲೆಯಿಂದ ಜಾರಿಹೋದವು.

“ಅಲ್ಲೊಂದು ಸಣ್ಣ ಕೋಣೆ ಇದೆ,” ಎಂದ. ದನಿ ತಾನಾಗಿ ತಗ್ಗಿತು. “ಕತ್ತಲಾಗುತ್ತೆ, ಒಬ್ಬ ಹೆಂಗಸು ಮಾತಾಡ್ತಾಳೆ. ಅವಳ ಭಾಷೆ ನನಗೆ ಒಂದಕ್ಷರ ತಿಳೀಲಿಲ್ಲ. ಆದ್ರೆ ಅದು ಮನೆ ಮಾತು ಅಂತ ತಿಳೀತು. ಇವತ್ತು ಸಂತೇಲಿ ಏನು ತಂದೆ, ಯಾರು ಬಂದಿದ್ರು, ಮಕ್ಕಳು ಊಟ ಮಾಡಿದ್ರೋ ಇಲ್ವೋ, ಅಂಥದ್ದೇ ಏನೋ. ಹೇಳ್ತಾನೇ ಇದ್ಳು, ಹೇಳ್ತಾನೇ ಇದ್ಳು. ಆಮೇಲೆ ವಿಮಾನದ ಸದ್ದು. ಬಾಂಬ್ ಸದ್ದು. ನಿಜ ಹೇಳ್ತೀನಿ, ನನಗೆ ಅದರಿಂದ ಭಯ ಆಗ್ಲಿಲ್ಲ. ಅದೆಲ್ಲ ಮುಗಿದ ಮೇಲೆ ಆ ಹೆಂಗಸಿನ ಮಾತು ಮತ್ತೆ ಬರ್ಲಿಲ್ಲ ನೋಡಿ, ಆಗ ಆಯ್ತು.”

ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಶಾಂತಿ ಅಂದ್ರೆ ಸದ್ದಿಲ್ಲದೆ ಇರೋದು ಅಂತ ನಾನು ತಿಳ್ಕೊಂಡಿದ್ದೆ. ಅಲ್ಲ. ಮನೇಲಿ ಯಾರಾದ್ರೂ ನಮ್ಮನ್ನ ಬೈತಾ ಇರೋದು. ಇಷ್ಟೇ ನಾನು ಆ ಮ್ಯೂಸಿಯಂನಲ್ಲಿ ಕಲಿತಿದ್ದು. ನಮಸ್ಕಾರ.”

ಸತ್ಯವತಿ ಎದ್ದಳು. ಮಂಡಿ ಹಿಡಿದುಕೊಂಡು ನಿಧಾನವಾಗಿ ಬಂದು ಮೈಕ್ ತೆಗೆದುಕೊಂಡಳು. ಮಾತಿಗೆ ಅಡ್ಡವಾದ ಮಾಸ್ಕನ್ನು ಒಂದು ಕಿವಿಯಿಂದ ಬಿಡಿಸಿದಳು.

ಮೂಗಿನ ಮೇಲೆ ಏಳು ಕಲ್ಲೂ ಫಳಫಳ ಹೊಳೆದವು.

ಸೇತುರಾಮನ ಬಾಯಿ ತೆರೆದದ್ದು ತೆರೆದೇ ಇತ್ತು.

“ರೀ,” ಎಂದಳು ಸತ್ಯವತಿ. ಮೈಕಿನಲ್ಲಿ ಆ ಒಂದಕ್ಷರ ಕಂಬ ಕಂಬಕ್ಕೂ ತಾಗಿ ಹಿಂದಿರುಗಿತು. “ಊರಿಗೆ ಬಂದ ಮಾರನೇ ದಿನವೇ ಸಿಕ್ತು. ಕನ್ನಡಕದ ಡಬ್ಬಿಯಲ್ಲಿತ್ತು. ನಾನೇ ಬದಲಾಯಿಸಿ ಇಟ್ಟು ಮರ್ತಿದ್ದೆ. ಹೇಳೋಣ ಅಂತ ಅಡುಗೆಮನೆಗೆ ಬಂದೆ, ನೀವು ನೀವಾಗೇ ಪಾತ್ರೆ ತೊಳೀತಿದ್ರಿ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ನಾಳೆ ಹೇಳಿದ್ರಾಯ್ತು ಅನ್ನಿಸ್ತು. ನಾಳೆ ನೋಡಿದ್ರೆ ಬಟ್ಟೆ ಮಡಿಸ್ತಿದ್ರಿ...”

ನಲವತ್ತು ಜನ ಅಳುತ್ತಲೇ ನಕ್ಕರು, ನಗುತ್ತಲೇ ಕೈತಟ್ಟಿದರು. ಸೇತುರಾಮನಿಗೆ ಸಿಟ್ಟು ಬರಬೇಕಿತ್ತು. ಆ ದನಿ ಕೇಳಿದ ಸುಖದಲ್ಲಿ ಬರುವುದು ಮರೆತೇಹೋಯಿತು. ಜನ ಅವನ ಕೈ ಕುಲುಕಿದರು, ಕಣ್ಣೊರೆಸಿಕೊಂಡರು, ಬಸ್ ಸ್ಟಾಪಿನ ಕಡೆಗೂ ಲಿಫ್ಟಿನ ಕಡೆಗೂ ಚದುರಿದರು. ಗುಡಿಸುವ ಅಂಕಲ್ ಬಂದು ಕಸದ ಡಬ್ಬಿಯ ಚೀಲ ಬಿಗಿದು ಹೊತ್ತುಕೊಂಡು ಹೋದ. ಗಂಡ ಹೆಂಡತಿ ಅಕ್ಕಪಕ್ಕ ಕೂತು ಹೊಸದಾಗಿ ನಿಶ್ಚಯವಾದವರ ಹಾಗೆ ನಗುತ್ತಿದ್ದರು.

ಅಷ್ಟರಲ್ಲಿ ಅನಂತರಾಮ್ ಕುರ್ಚಿ ಮಡಿಸುತ್ತ ಕೇಳಿದ, “ಅಂಕಲ್, ಹಂಗಾದ್ರೆ ಲಿಟಲ್ ಇಂಡಿಯಾದಲ್ಲಿ ತಗೊಂಡ ಹೊಸ ಮೂಗುಬಟ್ಟು?”

“ಯಾವ ಹೊಸದು?” ಎಂದಳು ಸತ್ಯವತಿ.

ಸೇತುರಾಮ ಎದ್ದು ನಿಂತು ಸುತ್ತಲೂ ನೋಡಿದ. ಕುರ್ಚಿಗಳೆಲ್ಲ ಖಾಲಿ. ಒಂದರ ಮೇಲೂ ಪೊಟ್ಟಣವಿಲ್ಲ. ಅವನು ತೊದಲುತ್ತ ಹೇಳಿದ್ದರಲ್ಲಿ ಅವಳಿಗೆ ಬೇಕಾದದ್ದೆಲ್ಲ ಇತ್ತು.

“ಅಂದ್ರೆ, ಗೆರ್ನಿಕಾದಿಂದ ಬಂತು ಅಂತ ನನಗೆ ಸುಳ್ಳು ಹೇಳೋಕೆ ತಂದಿದ್ರಿ.”

“ಹ್ಞೂಂ.”

“ಟಿಶ್ಯೂ ಒಳಗಿಟ್ರಿ.”

“ಹ್ಞೂಂ.”

“ಚೋಪ್ ಮಾಡಿದ್ರಿ.”

ಸೇತುರಾಮ ತಲೆ ತಗ್ಗಿಸಿದ.

“ಟೆನ್ಷನ್ ಬೇಡ ಆಂಟಿ,” ಎಂದು ಅನಂತರಾಮ್ ಆಗಲೇ ಫೋನ್ ಒತ್ತುತ್ತಿದ್ದ. “ಎಲ್ಲರೂ ನಿಮ್ಮ ಟಿಶ್ಯೂ ಚೆಕ್ ಮಾಡಿ ಅಂತ ಗ್ರೂಪಲ್ಲಿ ಹಾಕಿದೀನಿ. ನೋಡಿ, ರಿಪ್ಲೈ ಬರ್ತಾ ಇದೆ.” ರಿಪ್ಲೈಗಳು ಸಾಲುಸಾಲಾಗಿ ಬಂದವು. ಕೈಮುಗಿದ ಚಿತ್ರ, ಅಳುವ ಮುಖದ ಚಿತ್ರ, ‘ಸೂಪರ್ ಟಾಕ್ ಅಂಕಲ್’, ‘ಟಿಶ್ಯೂ ಎಲ್ಲಾ ಖಾಲಿ, ಅಷ್ಟು ಟಚಿಂಗ್’. ಉಪೇಂದ್ರ ಒಂದು ಫೋಟೋ ಕಳಿಸಿದ್ದ. ಯಾವುದೋ ಹಾಕರ್ ಸೆಂಟರಿನ ತಿಂದು ಬಿಟ್ಟ ಮೇಜು, ಅದರ ಮೂಲೆಯಲ್ಲಿ ಹರಿದ ನೀಲಿ ಪ್ಲಾಸ್ಟಿಕ್ಕು, ಕೆಳಗೆ, ‘ನನ್ನದರಲ್ಲಿ ಏನೂ ಇರಲಿಲ್ಲ ಅನ್ಸುತ್ತೆ ಸರ್, ಆದ್ರೆ ಜೋರಾಗಿ ಸೀನಿದೆ, ಗ್ಯಾರಂಟಿ ಹೇಳಕ್ಕಾಗಲ್ಲ.’

ಸತ್ಯವತಿ ಎಲ್ಲವನ್ನೂ ಓದಿದಳು. ಫೋನನ್ನು ಅನಂತರಾಮನ ಕೈಗೆ ಕೊಟ್ಟಳು. ಜೋತುಬಿದ್ದಿದ್ದ ಮಾಸ್ಕನ್ನು ಎತ್ತಿ ಮತ್ತೆ ಕಿವಿಗೆ ಸಿಕ್ಕಿಸಿದಳು. ಆಮೇಲೆ ಪಕ್ಕದ ಕಂಬದ ಕಡೆ ತಿರುಗಿದಳು.

“ನೋಡಪ್ಪಾ ಕಂಬವೇ, ಸಿಂಕಿನಲ್ಲಿ ಮಧ್ಯಾಹ್ನದ ಪಾತ್ರೆ ಹಾಗೇ ಇದೆ ಅಂತ ಯಾರಿಗಾದ್ರೂ ಹೇಳು.”

ಸೇತುರಾಮ ಕಂಬದ ಇನ್ನೊಂದು ಮಗ್ಗುಲಿಗೆ ಹೋಗಿ ನಿಂತ. ಶರಟಿನ ತೋಳು ಮಡಿಸಿದ.

“ಆಗಲಿ ಅಂತ ಹೇಳಪ್ಪಾ,” ಎಂದ.